ನಿದ್ದೆಗೆಟ್ಟ ಮದುಮಗಳು

"ಈ ಮದುವೆ ನಿಮಗೆ ಇಷ್ಟ ಇಲ್ಲ ಅಲ್ವಾ? ನಿಜ ಹೇಳಿ."

ಆಲ್ದೂರಿನ ಟೈಲರ್ ಅಂಗಡಿಯ ಬಾಗಿಲಲ್ಲೇ ನಿಂತು ದೇವರಾಜ ಕೇಳಿದ. ನಿಶ್ಚಿತಾರ್ಥವಾದ ಮೇಲೆ ಅವನು ರೂಪಶ್ರೀಯ ಎದುರು ನಿಂತು ಆಡಿದ ಮೊದಲ ಮಾತೇ ಇದು!

ಅವಳ ಕೈಯಲ್ಲಿದ್ದ ಮದುವೆಯ ರವಿಕೆ ಜಾರಿ ಬಿತ್ತು. ಅದನ್ನು ಎರಡನೇ ಸಲ ಬಿಗಿ ಮಾಡಿಕೊಟ್ಟಿದ್ದ ಟೈಲರ್ ವಿಮಲಮ್ಮ, ಏನೋ ನೆನಪಾದವರಂತೆ ಒಳಗೆ ಹೋದರು. ಪುಣ್ಯಾತ್ಗಿತ್ತಿ!

"ಯಾರು ಹೇಳಿದ್ರು?"

"ನಿಮ್ಮಮ್ಮನೇ ಫೋನಲ್ಲಿ ಅತ್ರು. ರಾತ್ರಿ ಊಟ ಬಿಟ್ಟಿದೀರಂತೆ, ಬೆಳಗಾಗೋ ತನಕ ಕಣ್ಣು ಮುಚ್ಚಲ್ವಂತೆ... ಮನಸಲ್ಲಿ ಬೇರೆ ಯಾರಾದ್ರೂ ಇದ್ರೆ ಹೇಳ್ಬಿಡಿ. ನಿಮ್ಮ ಹೆಸರಿಗೆ ಮಸಿ ಹತ್ತದ ಹಾಗೆ ನಾನೇ ಬೇಡ ಅಂತೀನಿ."

ಬೇರೆ ಯಾರಾದರೂ?! ಹೆಣ್ಣು ನೋಡಲು ಬಂದ ದಿನವೇ ಅವಳ ಮನಸ್ಸು ಇವನ ಹಿಂದೆ ಹೊರಟುಹೋಗಿತ್ತು. ಆದರೆ ಅಂದೇ ಜಗಲಿಯಲ್ಲಿ ಅವನು ತನ್ನ ಸೋದರಮಾವನಿಗೆ ಹೇಳಿದ್ದು ಕಿವಿಗೆ ಬಿದ್ದಿತ್ತು.

'ನಮಗೆ ರೋಬಸ್ಟಾ ಆಗಲ್ಲ ಮಾವ. ಅರೇಬಿಕಾನೇ ಬೇಕು.'

ಕಾಫಿಯಲ್ಲಿ ರೋಬಸ್ಟಾ ದಪ್ಪ ಗಿಡ, ಅರೇಬಿಕಾ ತೆಳ್ಳನೆಯದು. ಕಾಲೇಜಿನಲ್ಲಿ ಹುಡುಗರು ಅವಳ ದಪ್ಪ ಮೈಗೆ ಇಟ್ಟಿದ್ದ ಹೆಸರೇ ರೋಬಸ್ಟಾ! ಹಿರಿಯರ ಬಲವಂತಕ್ಕೆ ಒಪ್ಪಿದ್ದಾನೆ ಎಂದುಕೊಂಡಳು. ಅಂದಿನಿಂದ ರಾತ್ರಿ ಊಟದ ಬದಲು ಹಾಲು ಸಕ್ಕರೆಯಿಲ್ಲದ ಕಡು ಕಾಫಿ. ಮೈ ಇಳಿಯಿತು, ನಿದ್ದೆಯೂ ಹಾರಿತು. ಹಸಿದ ಹೊಟ್ಟೆಗೆ ಕಾಫಿ ಸುರಿದರೆ ನಿದ್ದೆ ಎಲ್ಲಿಂದ ಬಂದೀತು? ಕಾಫಿ ಬೆಳೆಯುವವರ ಮಗಳಿಗೆ ಅಷ್ಟೂ ಹೊಳೆಯಲಿಲ್ಲ ನೋಡಿ. ಮನಸ್ಸು ಸೋತ ಮೇಲೆ ಬುದ್ಧಿಗೆ ಮಂಕು ಕವಿಯುವುದೇ ಹೀಗೆ.

"ಬಾಯ್ಬಿಡಿ ಮಾರಾಯ್ರೆ!" ಅವನ ದನಿ ನಡುಗುತ್ತಿತ್ತು.

ಅವಳು ಬಗ್ಗಿ ಬಿದ್ದ ರವಿಕೆಯನ್ನು ಎತ್ತಿಕೊಂಡಳು.

"ಸರಿ... ಅರ್ಥ ಆಯ್ತು."

ಅವನು ಮೆಟ್ಟಿಲಿಳಿದು ಜೀಪಿನ ಬಾಗಿಲು ತೆರೆದ.

ಈಗ ಸುಮ್ಮನಿದ್ದರೆ ಇವನು ಕೈತಪ್ಪಿ ಹೋಗುತ್ತಾನೆ!

"ರೋಬಸ್ಟಾ ಬೇಡ ಅಂದವ್ರು ನೀವೇ ತಾನೆ?" ಅವಳು ಕೂಗಿಯೇಬಿಟ್ಟಳು. ಎಸ್‌ಟಿಡಿ ಬೂತಿನ ಮುಂದೆ ನಿಂತವರೂ ತಿರುಗಿ ನೋಡಿದರು.

"ಹಾಂ?"

"ಹೆಣ್ಣು ನೋಡೋಕೆ ಬಂದ ದಿನ... ನಾನು ದಪ್ಪ ಅಂತ... ಅದಕ್ಕೇ ಊಟ ಬಿಟ್ಟೆ!" ಕಣ್ಣೀರು ಕೆನ್ನೆಗಿಳಿಯಿತು.

ದೇವರಾಜ ಕಕ್ಕಾಬಿಕ್ಕಿಯಾದ.

"ಅಯ್ಯೋ ದೇವ್ರೆ! ಹೊಸ ತೋಟಕ್ಕೆ ಯಾವ ಗಿಡ ಹಾಕ್ತೀಯ ಅಂತ ಮಾವ ಕೇಳಿದ್ರು. ನಮ್ಮ ಅತ್ತಿಗುಂಡಿ ಬೆಟ್ಟದ ಚಳಿಗೆ ರೋಬಸ್ಟಾ ಗಿಡ ಬರಲ್ಲ, ಅದನ್ನ ಹೇಳಿದ್ದು ನಾನು!"

ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ. ತಲೆ ಸುತ್ತಿ ಮೆಟ್ಟಿಲ ಮೇಲೆ ಕುಸಿದಳು. ಅವನು ಓಡಿಬಂದು ಭುಜ ಹಿಡಿದ.

"ಹಾಗಾದ್ರೆ... ಬಲವಂತಕ್ಕೆ ಒಪ್ಪಿದ್ದಲ್ವಾ?"

"ಬಲವಂತ ಮಾಡಿದವ್ನೇ ನಾನು. ಜಾತಕ ಕೂಡಲ್ಲ ಅಂತ ಅಮ್ಮ ಬೇಡ ಅಂದ್ರು. ಈ ಹುಡುಗಿನೇ ಆಗ್ಬೇಕು ಅಂತ ಹಟ ಹಿಡಿದೆ." ಅವನು ಅವಳ ಸೊರಗಿದ ಮುಖವನ್ನೇ ನೋಡಿದ. "ಮದುವೆ ಒಂದು ತಿಂಗಳು ಮುಂದಕ್ಕೆ ಹಾಕೋಣ. ಮೊದ್ಲು ನಿಮ್ಮ ಆರೋಗ್ಯ ಸುಧಾರಿಸ್ಲಿ."

"ಬೇಡ! ಮುಂದಕ್ಕೆ ಹಾಕಿದ್ರೆ ಬರೋ ನಿದ್ದೆನೂ ಬರಲ್ಲ ನಂಗೆ."

ಅವನಿಗೆ ನಗು ತಡೆಯಲಾಗಲಿಲ್ಲ. ಆಮೇಲೆ, ಮೊದಲ ಸಲ, ಏಕವಚನದಲ್ಲಿ ಮೆಲ್ಲಗೆ ಕೇಳಿದ.

"ಈಗ ಊಟ ಮಾಡ್ತೀಯಾ?"

"ನೀವೂ ಜೊತೆಗೆ ಕೂತ್ರೆ..."