ಹದಿನಾಲ್ಕನೇ ಡಬ್ಬಿಗೆ ಐದು ಅಂಕ

ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಅವಳು ಹದಿನಾಲ್ಕನೇ ಡಬ್ಬಿಗೆ ಹತ್ತಕ್ಕೆ ಐದು ಅಂಕ ಬರೆದಳು.

ಉತ್ತಮ ದರ್ಜೆಯ ಟ್ಯೂನಾ ಮೀನಿನ ಡಬ್ಬಿಗಳ ಸ್ಪರ್ಧೆ ಅದು. ಸರಾಸರಿ ಏಳು ಬಂದರೆ ಚಿನ್ನದ ಮುದ್ರೆ. ಬಾರದಿದ್ದರೆ ಮೂರು ವರ್ಷ ಮತ್ತೆ ಬರುವಂತಿಲ್ಲ. ಉಳಿದ ನಾಲ್ವರು ತೀರ್ಪುಗಾರರು ಎಂಟು, ಏಳು, ಏಳು, ಏಳು ಕೊಟ್ಟಿದ್ದರು. ಸರಾಸರಿ ಆರು ಪಾಯಿಂಟ್ ಎಂಟು.

ಮಧ್ಯಾಹ್ನ ಮೂರಕ್ಕೆ ತೀರ್ಪುಗಾರರ ಹೆಸರುಗಳ ಸಮೇತ ಅಂಕಪಟ್ಟಿ ಫಲಕಕ್ಕೆ ಬಿತ್ತು. ಮೂರೂಕಾಲಿಗೆ ಆ ಡಬ್ಬಿಯ ಒಡೆಯ ಕಾರಿಡಾರಿನಲ್ಲಿ ಅವಳಿಗೆ ಅಡ್ಡ ನಿಂತ.

ಎರಡು ವರ್ಷ... ಎರಡು ವರ್ಷದ ಮೇಲೆ ಅದೇ ಮುಖ!

“ಉಪ್ಪು ಜಾಸ್ತಿ ಆಗಿತ್ತಾ ಮೇಡಂ?”

ಮೇಡಂ! ‘ಲೇ’ ಅನ್ನುತ್ತಿದ್ದ ಬಾಯಲ್ಲಿ ಮೇಡಂ...

“ಎಣ್ಣೆ ಕಮಟಾಗಿತ್ತಾ? ಮೀನು ಒಣಗಿತ್ತಾ? ಏನಾಗಿತ್ತು ಹೇಳಿ!”

“ತೀರ್ಪಿನ ಬಗ್ಗೆ ನಾನು ಮಾತಾಡೋ ಹಾಗಿಲ್ಲ.”

“ಮಾತಾಡೋಕೆ ಏನಿದೆ? ನನ್ನ ಮೇಲಿನ ಸಿಟ್ಟನ್ನ ಮೀನಿನ ಮೇಲೆ ತೀರಿಸ್ಕೊಂಡ್ರಿ. ಮುದ್ರೆ ಇದ್ರೆ ಮಾತ್ರ ಮಾಲು ತಗೋತೀವಿ ಅಂದಿದ್ರು ಅಂಗಡಿಯೋರು. ಅಮ್ಮನ ಜೊತೆ ಹನ್ನೆರಡು ಹೆಂಗಸರು ಕಾಯ್ತಾ ಕೂತಿದಾರೆ. ಅವರೇನು ಮಾಡಿದ್ರು ನಿಮಗೆ?”

ಅವನು ಹೋಗಿಬಿಟ್ಟ.

ಸಿಟ್ಟು ಇರಲಿಲ್ಲವೆಂದಲ್ಲ. ಅವಳು ಕೆಲಸ ಕಲಿತದ್ದು ಅವನ ತಾಯಿಯ ಕಾರ್ಖಾನೆಯಲ್ಲಿ. ಬೇಯಿಸಿದ ಮೀನಿನ ಚರ್ಮ, ಮುಳ್ಳು, ಕಪ್ಪು ಮಾಂಸ ಕೆರೆದು ತೆಗೆಯುವುದನ್ನು ಕೈ ಹಿಡಿದು ಕಲಿಸಿದವನು ಅವನು. ಆದರೆ ಆಗಲೇ ಅವಳಿಗೆ ತೀರ್ಪುಗಾರರ ಮೇಜಿಗೆ ಕರೆ ಬಂದಿತ್ತು; ತಯಾರಕರ ಮನೆಯವರು ತೀರ್ಪುಗಾರರಾಗುವಂತಿಲ್ಲ. ಅವನು ಮದುವೆಯ ಮಾತೆತ್ತಿದಾಗ ಅವಳು “ಯೋಚನೆ ಮಾಡ್ತೀನಿ” ಎಂದಳು. “ನಾನು ಬೇಕಾ, ಆ ಮೇಜು ಬೇಕಾ?” ಎಂದು ಅವನು ಎಲ್ಲರೆದುರು ಕೂಗಾಡಿದ. ಅವಳು ಅಂದೇ ಹೊರಟುಬಂದಿದ್ದಳು.

ಆದರೆ ಇಂದು ನಡೆದದ್ದು ಬೇರೆ.

ಸ್ಪರ್ಧೆಯ ಡಬ್ಬಿಗಳ ಮೇಲೆ ನಂಬರು ಮಾತ್ರ ಇರುತ್ತದೆ. ಮುಚ್ಚಳ ತೆಗೆದು ಮೊದಲು ಜೋಡಣೆ ನೋಡಬೇಕು, ಆಮೇಲೆ ಎಣ್ಣೆ ಬಸಿದು ರುಚಿ. ಎಲ್ಲ ಡಬ್ಬಿಗಳಲ್ಲೂ ತುಂಡುಗಳು ಬಲಕ್ಕೆ ವಾಲಿದ್ದವು. ಹದಿನಾಲ್ಕರಲ್ಲಿ ಎಡಕ್ಕೆ! ಹಾಗೆ ಜೋಡಿಸುವುದು ಒಬ್ಬರೇ. ಅವನ ತಾಯಿ ಎಡಗೈಯವರು.

ಡಬ್ಬಿ ಯಾರದೆಂದು ಗುರುತು ಸಿಕ್ಕ ತೀರ್ಪುಗಾರರು ಕೈಯೆತ್ತಿ ಹೇಳಿ ಎದ್ದುಹೋಗಬೇಕು. ಅವಳು ಎತ್ತಲಿಲ್ಲ. ಎರಡು ವರ್ಷದ ಮೇಲೆ ಆ ಮನೆಯ ತುತ್ತು ಎದುರಿಗಿತ್ತು. ತಿಂದಳು.

ನಾಲಿಗೆ ಎಂಟು ಎಂದಿತು.

ನಾಲಿಗೆಯಾ, ಮನಸ್ಸಾ? ಯಾರು ಹೇಳ್ತಿರೋದು ಎಂಟು?

ಹೆದರಿ ಒಂದು ಕಳೆದಳು. ಇನ್ನೂ ಹೆದರಿ ಮತ್ತೆರಡು ಕಳೆದಳು.

ಮರುದಿನ ಒಂಬತ್ತಕ್ಕೆ ಸ್ಪರ್ಧೆಯ ಅಧ್ಯಕ್ಷರ ಮುಂದೆ ಎಲ್ಲವನ್ನೂ ಬರೆದ ಹಾಳೆ ಇಟ್ಟಳು. ಮುದುಕರು ಎರಡು ಸಲ ಓದಿದರು.

“ಇದನ್ನ ತಗೊಂಡೆ ಅಂದ್ರೆ ಮತ್ತೆ ನೀನು ಈ ಮೇಜಿಗೆ ಬರೋ ಹಾಗಿಲ್ಲ ಮಗಳೇ.”

“ಗೊತ್ತು ಸಾರ್. ಆ ಡಬ್ಬಿಗೆ ನನ್ನ ಅಂಕ ಬಿಟ್ಟು ಲೆಕ್ಕ ಹಾಕಿದ್ರೆ ಏಳು ದಾಟುತ್ತೆ.”

“ಹಾಕೋ ಹಾಗಿಲ್ಲ. ಗುರುತು ಸಿಕ್ಕಿದ ಡಬ್ಬಿ ಸ್ಪರ್ಧೆಯಿಂದಲೇ ಹೊರಗೆ. ಮೂರು ವರ್ಷ ಕಾಯೋದು ತಪ್ಪುತ್ತೆ, ಅಷ್ಟೇ. ಈ ಸಲ ಮುದ್ರೆ ಇಲ್ಲ.” ಅವರು ಕನ್ನಡಕ ತೆಗೆದರು. “ನಿನ್ನೆ ಕೈಯೆತ್ತಿದ್ರೂ ಇದೇ ಆಗ್ತಿತ್ತು. ನಿನ್ನ ಜಾಗ ಉಳೀತಿತ್ತು. ಈಗ ಹಾಳೆ ವಾಪಸ್ ತಗೊಂಡು ಹೋಗು, ನಾನು ನೋಡಿಲ್ಲ.”

ಅವಳು ಹಾಳೆ ಮುಟ್ಟಲಿಲ್ಲ.

ಕಾರ್ಖಾನೆ ತಲುಪಿದಾಗ ಹನ್ನೊಂದೂವರೆ. ಉದ್ದನೆಯ ಸ್ಟೀಲು ಮೇಜಿನ ಬಳಿ ತಾಯಿ, ಮಗ ಇಬ್ಬರೇ. ಹನ್ನೆರಡು ಏಪ್ರನ್ನುಗಳು ಮೊಳೆಗೆ ನೇತಾಡುತ್ತಿದ್ದವು.

“ಬಂದ್ಯಾ, ಜಡ್ಜಮ್ಮ?” ತಾಯಿ ತಲೆಯೆತ್ತಲಿಲ್ಲ. “ನಮ್ಮನೆ ನೀರಿಗೆ ಎಷ್ಟು ಕೊಡ್ತೀಯ? ನಾಲ್ಕಾ?”

ಅವಳು ನಿಂತೇ ಹೇಳಿದಳು. ಏನನ್ನೂ ಬಿಡಲಿಲ್ಲ.

ತಾಯಿಯ ಕೈ ನಿಂತಿತು. “ನನ್ನ ಕೈ ಗುರುತು ಹಿಡಿದು ನನಗೇ ಐದು ಕೊಟ್ಯಾ?” ಎಂದು ಎದ್ದು ಒಳಗೆ ಹೋದರು. ಬಾಗಿಲು ಬಡಿಯಿತು.

“ಜನ ಪ್ರೀತಿಗೆ ಎಂಟನ್ನ ಹತ್ತು ಮಾಡ್ತಾರೆ,” ಅವನು ಹೇಳಿದ. “ನೀನು ಐದು ಮಾಡಿದೆ.”

‘ನೀನು’ ಎಂದನಲ್ಲ! ಅವಳ ಕಣ್ಣು ತುಂಬಿತು.

“ಹೆದರಿಕೆ ಆಯ್ತು ಕಣೋ. ಎರಡು ವರ್ಷ ಆದ್ರೂ ಹೋಗಿಲ್ಲ ನೀನು... ಇಲ್ಲಿಂದ,” ಅವಳು ಎದೆ ಮುಟ್ಟಿಕೊಂಡಳು. “ಅದಕ್ಕೇ ಹೆದರಿದೆ.”

“ಹೆಂಗಸರನ್ನ ಬೆಳಿಗ್ಗೆ ಮನೆಗೆ ಕಳಿಸಿದೆ. ಅವರಿಗೆ ಏನು ಹೇಳಲಿ? ನನ್ನ ಹುಡುಗಿಗೆ ಹೆದರಿಕೆ ಆಯ್ತಂತೆ ಅಂತಲಾ?”

“ಹಾಗೇ ಹೇಳು. ನಾನೇ ಹೇಳ್ತೀನಿ, ಒಬ್ಬೊಬ್ಬರ ಮನೆಗೂ ಹೋಗಿ.”

ಅವನು ಮೊಳೆಯ ಏಪ್ರನ್ನುಗಳತ್ತ ನೋಡಿದ.

“ಅವತ್ತು ಎಲ್ಲರ ಮುಂದೆ ಕೂಗಾಡಿದ್ದು ತಪ್ಪು ನಂದು,” ಎಂದ. “ಮೇಜು ಕಿತ್ಕೊಳ್ಳೋಕೆ ಹೋದೆ. ಈಗ ಮೇಜೂ ಇಲ್ಲ ನಿಂಗೆ.”

“ಇಲ್ಲ.”

“ನಂಗೆ ಕಾರ್ಖಾನೆ ಇಲ್ಲ. ಕ್ಷಮಿಸೋಕೆ ಟೈಮ್ ಬೇಕು ಕಣೇ... ಆದ್ರೆ ಹೋಗಬೇಡ.”

“ಹೋಗಲ್ಲ.”

ಅವನು ಸ್ಟೂಲು ಅವಳತ್ತ ತಳ್ಳಿದ. ಅವಳು ಕೂತಳು.

ಕಾರ್ಖಾನೆ ಆ ತಿಂಗಳ ಕೊನೆಗೆ ಮುಚ್ಚಿತು. ಅವರಿಬ್ಬರೂ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಗೆ ಸಹಿ ಹಾಕಿದ್ದು ಅದಾದ ಏಳನೇ ತಿಂಗಳು, ಒಂದು ಬುಧವಾರ. ತಾಯಿ ಬರಲಿಲ್ಲ.