ಗೊಂಚಲಿನ ಕೊನೇ ಹಣ್ಣು

"ಇದೂ ನಿನ್ ಕೆಲ್ಸಾನೇ ತಾನೇ, ಡೀ?"

ಅಪ್ಪತ್ತಾ ಫೋನನ್ನು ಅಭಿರಾಮಿಯ ಮೂಗಿಗೇ ತಗಲುವ ಹಾಗೆ ಹಿಡಿದಳು.

ತಮಿಳುನಾಡಿನ ಓಡೈಪಟ್ಟಿಯ ದ್ರಾಕ್ಷಿ ಚಪ್ಪರದ, ಊರವರ ಮಾತಲ್ಲಿ ಪಂದಲಿನ, ಕೆಳಗೆ ಅಜ್ಜಿ, ಮೊಮ್ಮಗಳು ಇಬ್ಬರೇ ಇದ್ದರು. ಅಪ್ಪ ಜೆಯರಾಜ್ ಕ್ರೇಟುಗಳನ್ನು ವ್ಯಾನಿಗೆ ತುಂಬಿಕೊಂಡು ಹೋಗಿದ್ದ. ಅಪ್ಪನ ಅಮ್ಮ ಪೇಚ್ಚಿಯಮ್ಮಾಳನ್ನು ಅಭಿರಾಮಿ ಅಪ್ಪತ್ತಾ ಅನ್ನುತ್ತಿದ್ದಳು. ಅಪ್ಪತ್ತಾಗೆ ಓದು ಬರದು. ಮೆಸೇಜು ಬಂದರೆ ಓದಿ ಹೇಳುವುದು ಅಭಿರಾಮಿಯೇ.

ಅವಳು ಓದಿದಳು. "ಪ್ರಿಯ ಗ್ರಾಹಕರೇ, ಸರ್ವಿಸ್ ಚಾರ್ಜ್ 4,999 ರೂಪಾಯಿ ಇವತ್ತೇ ನಿಮ್ಮ ಅಕೌಂಟಿನಿಂದ ಕಟ್ ಆಗುತ್ತೆ. ಬೇಡ ಅಂದ್ರೆ ಕೂಡಲೇ ಈ ನಂಬರಿಗೆ ಫೋನ್ ಮಾಡಿ."

"ಹೋದ ವಾರ ಚಿನ್ನದ ಉಂಗುರ, ಈ ವಾರ ಬ್ಯಾಂಕಾ?"

ಹೋದ ವಾರ ಅಪ್ಪನ ಹಳೇ ಫೋನಿನಿಂದ 'ನಿಮಗೆ ಉಂಗುರ ಬಹುಮಾನ ಬಂದಿದೆ, ಪೋಸ್ಟಾಫೀಸಿಗೆ ಬನ್ನಿ' ಎಂದು ಮೆಸೇಜು ಕಳಿಸಿದ್ದು ಅಭಿರಾಮಿಯೇ. ಸಂಜೆ ಬಾಗಿಲ ಸಂದಿಯಿಂದ ಜಿಗಿದು, "ನಾನು ಎಂಟ್ರಿ ಕೊಟ್ರೆ ಇಂಟರ್ವಲ್ಲೇ ಇಲ್ಲ!" ಎಂದು ಸಿನಿಮಾ ಹೀರೋ ಹಾಗೆ ಡೈಲಾಗ್ ಹೊಡೆದು ಕೂದಲು ಹಾರಿಸಿದ್ದಳು. ಅಪ್ಪತ್ತಾ ನಕ್ಕಿದ್ದಳು.

"ಇದು ನಾನಲ್ಲ ಅಪ್ಪತ್ತಾ!"

"ಆ ಹಳೇ ಫೋನು ಎಲ್ಲಿ ಬಚ್ಚಿಟ್ಟಿದ್ದೀ? ಈಗ ಕೂಗ್ತೈತೆ, ನೋಡು."

ಅಭಿರಾಮಿ ಕೈ ಚಾಚುವಷ್ಟರಲ್ಲಿ ಅಪ್ಪತ್ತಾ ಆ ನಂಬರನ್ನು ಒತ್ತಿಯೇಬಿಟ್ಟಳು. ಒತ್ತಿ, ಖಾಲಿ ಕ್ರೇಟುಗಳ ಕಡೆಗೆ ಕಿವಿ ಕೊಟ್ಟಳು. ಅಲ್ಲಿ ಯಾವ ಫೋನೂ ಕೂಗಲಿಲ್ಲ.

ಸ್ಪೀಕರಿನಲ್ಲಿ ಗಂಡಸಿನ ದನಿ ಬಂತು, ತಮಿಳಿನಲ್ಲಿ. "ವಣಕ್ಕಂ ಅಮ್ಮಾ. ಬ್ಯಾಂಕಿಂದ ಮಾತಾಡ್ತಿದೀನಿ."

ಅಪ್ಪತ್ತಾ ಮುಖದ ನಗು ಆರಿತು. ಇದುವರೆಗೆ ಮಾರಿದ ದ್ರಾಕ್ಷಿ ದುಡ್ಡೆಲ್ಲ ನಿನ್ನೆ ತಾನೇ ಅವಳ ಅಕೌಂಟಿಗೆ ಬಂದಿತ್ತು. ಪಂದಲಿನ ತುಕ್ಕು ಹಿಡಿದ ಕಂಬಿ ಬದಲಿಸಬೇಕಿದ್ದುದು ಅದರಲ್ಲೇ.

"ಚಾರ್ಜು ನಿಲ್ಲಿಸೋಕೆ ಒಂದು ನಂಬರ್ ಕಳಿಸಿದೀನಿ, ಓದಿ. ಎರಡೇ ನಿಮಿಷ. ಆಮೇಲೆ ನಾನು ಜವಾಬ್ದಾರಿ ಅಲ್ಲ."

ಟಿಂಗ್! ಇನ್ನೊಂದು ಮೆಸೇಜು ಬಂತು.

"ಓದು ಕೂಸೇ, ಬೇಗ!" ಅಪ್ಪತ್ತಾ ಫೋನನ್ನು ಅವಳ ಕೈಗೆ ತುರುಕಿದಳು.

ಮೆಸೇಜಿನ ಮೊದಲಲ್ಲೇ ಆರು ಅಂಕಿ ಇದ್ದವು. ಅಭಿರಾಮಿ ಬಾಯಿ ತೆರೆದಳು. ಹಾಗೇ ನಿಂತಳು.

ಬೆಳಗ್ಗೆ ತಾನೇ ಗೊಂಚಲು ಹಣ್ಣಾಯ್ತಾ ಅಂತ ನೋಡಲು ಮೇಲಿನ ಹಣ್ಣು ಕಿತ್ತು ತಿಂದಿದ್ದಕ್ಕೆ ಅಪ್ಪತ್ತಾ ಅವಳ ಕೈಗೆ ಏಟು ಕೊಟ್ಟಿದ್ದಳು. "ಮೇಲ್ದು ಮೊದ್ಲೇ ಸೀ ಆಗ್ತೈತೆ ಡೀ. ತುದೀದು ಕಡಿದು ನೋಡು. ಯಾಪಾರಿನೂ ಅದನ್ನೇ ಕಡಿಯೋದು."

ಅಭಿರಾಮಿ ಅಂಕಿ ಬಿಟ್ಟು ಕೆಳಗೆ ಇಳಿದಳು. ಕೊನೇ ಸಾಲಿಗೆ.

"ಸೀಕ್ಕಿರಂ ಸೊಲ್ಲುಂಗಮ್ಮಾ! ಬೇಗ ಹೇಳಿ!" ಫೋನು ಗದರಿತು.

"ಅಪ್ಪತ್ತಾ, ಇದು ಸುಳ್ಳು. ಕಟ್ ಮಾಡೋಣ."

"ನಿನ್ ಮಾತು ನಂಬ್ಲಾ? ಉಂಗುರ ಕೊಟ್ಟೋಳು ನೀನು!"

ಅಭಿರಾಮಿ ಈ ಸಲ ಡೈಲಾಗ್ ಹೊಡೆಯಲಿಲ್ಲ. ಅವಳು ಅಪ್ಪತ್ತಾ ಕಿವಿಗೆ ಬಾಯಿಟ್ಟು, ಆ ಮನುಷ್ಯನಿಗೆ ತಿಳಿಯದ ಮನೆಯ ಕನ್ನಡದಲ್ಲಿ ಮೆಲ್ಲಗೆ ಹೇಳಿದಳು.

"ತುದೀದು ಕಡಿದು ನೋಡ್ದೆ ಅಪ್ಪತ್ತಾ. ಹುಳಿ. 'ಈ ನಂಬರ್ ಯಾರಿಗೂ ಹೇಳ್ಬೇಡಿ, ಬ್ಯಾಂಕಿನವರಿಗೂ ಬೇಡ' ಅಂತೈತೆ."

ಅಪ್ಪತ್ತಾ ಅವಳ ಮುಖವನ್ನೇ ನೋಡಿದಳು. ತಮಾಷೆ ಮಾಡುವಾಗಿನ ಹಾಗೆ ಅಲ್ಲಿ ಹುಬ್ಬು ಕುಣಿಯುತ್ತಿರಲಿಲ್ಲ.

"ಹಲೋ? ಅಮ್ಮಾ? ದುಡ್ಡು ಹೋದ್ರೆ ಅಳಬೇಡಿ!"

"ನೀನೇ ಅಳಪ್ಪಾ," ಎಂದು ಅಪ್ಪತ್ತಾ ಅವಳ ಕೈಯಿಂದ ಫೋನು ತೆಗೆದುಕೊಂಡು ಕಟ್ ಮಾಡಿದಳು.

ಅದು ಮತ್ತೆ ಕೂಗಿತು. ಮತ್ತೆ, ಮತ್ತೆ. ಅಭಿರಾಮಿ ಆ ನಂಬರನ್ನು ಬ್ಲಾಕ್ ಮಾಡಿ ಅಪ್ಪನಿಗೆ ಫೋನ್ ಹಚ್ಚಿದಳು. ಅಪ್ಪ ಪಾಸ್‌ಬುಕ್ಕಿನಲ್ಲಿದ್ದ ಬ್ಯಾಂಕಿನ ನಂಬರಿಗೆ ಮಾತಾಡಿ ತಿರುಗಿ ಫೋನ್ ಮಾಡಿದ. "ದುಡ್ಡು ಹಂಗೇ ಐತಂತೆ. ಅಂಥ ಚಾರ್ಜೇ ಇಲ್ವಂತೆ."

ಅಪ್ಪತ್ತಾ ಕತ್ತರಿ ಎತ್ತಿಕೊಂಡಳು. ಎರಡು ಸಲ ಹಾಕಿದರೂ ಗೊಂಚಲಿನ ತೊಟ್ಟು ಕತ್ತರಿಗೆ ಸಿಗಲಿಲ್ಲ.

ಅಭಿರಾಮಿ ಆ ಕತ್ತರಿಯನ್ನೇ ನೋಡುತ್ತ ಕೇಳಿದಳು. "ಅಪ್ಪತ್ತಾ, ಉಂಗುರಕ್ಕೆ ಅಂತ ನೀನು ಪೋಸ್ಟಾಫೀಸಿಗೆ ಹೋಗಿದ್ಯಾ?"

ಅಪ್ಪತ್ತಾ ತಲೆ ಎತ್ತಲಿಲ್ಲ. "ಮಧ್ಯಾನದವರ್ಗೂ ಕೂತಿದ್ದೆ. ಎಲ್ರೂ ನಗ್ತಾರೆ ಅಂತ ಹೇಳ್ನಿಲ್ಲ."

ಅಭಿರಾಮಿ ಉದುರಿದ ಎಲೆಗಳನ್ನು ಕಾಲಿನಿಂದ ಕೆದಕಿದಳು.

"ಯಾಕ್ಡೀ ಸುಮ್ನಾದೆ? ಗೆದ್ದಿದ್ದೀಯಲ್ಲ, ಒಂದು ಡೈಲಾಗ್ ಬಿಡು!"

ಅಭಿರಾಮಿ ಡೈಲಾಗ್ ಬಿಡಲಿಲ್ಲ. ಕತ್ತರಿಯನ್ನು ಮೆಲ್ಲಗೆ ತಾನೇ ತೆಗೆದುಕೊಂಡಳು. ಹಣ್ಣಾದ ಗೊಂಚಲು ಹುಡುಕಿ, ತುದಿಯದನ್ನು ಕಿತ್ತು, ಅಪ್ಪತ್ತಾ ಬಾಯಿಗಿಟ್ಟಳು.