ತೊಂಬತ್ತಾರು ಡಿಗ್ರಿ

ಭಾಗ್ಯಾಳಿಂದ ಸುಮೇಧನ ಮೊಬೈಲಿಗೆ ಬರುತ್ತಿದ್ದದ್ದು ಬರೀ ಅಂಕಿ. ಹಾಯ್ ಇಲ್ಲ, ಹೂವಿನ ಚಿತ್ರವಿಲ್ಲ. ಮುಂಜಾನೆ ಹತ್ತಕ್ಕೆ '82', ಹನ್ನೊಂದಕ್ಕೆ '91', ಆಮೇಲೆ '96. ಬಂದ್ ಆತು.' ಬೇರೆ ಯಾರಾದರೂ ನೋಡಿದರೆ ಹುಡುಗಿ ಪರೀಕ್ಷೆಯ ಮಾರ್ಕ್ಸ್ ಕಳಿಸಿದ್ದಾಳೆ ಅಂದುಕೊಳ್ಳಬೇಕು. ಸುಮೇಧ ಮಾತ್ರ ಒಂದೊಂದನ್ನೂ ಎರಡೆರಡು ಸಲ ಓದಿ, ಅಂಗಡಿಯ ಗಾಜಿನಲ್ಲಿ ಮುಖ ನೋಡಿಕೊಂಡು, ಸ್ಕ್ರೂಡ್ರೈವರಿನ ಬ್ಯಾಗು ಹೆಗಲಿಗೇರಿಸುತ್ತಿದ್ದ.

ಭಾಗ್ಯಾ ಐನಾಪುರದ ತೋಟದ ಮನೆಯಲ್ಲಿ ಕೂತು ಮದುವೆಯ ವಿಡಿಯೋ ಎಡಿಟ್ ಮಾಡುವವಳು. ಅಥಣಿಯ ಸ್ಟುಡಿಯೋದ ಜ್ಞಾನದೇವ ಶೂಟ್ ಮಾಡಿ ತಂದುಕೊಟ್ಟದ್ದಕ್ಕೆ ಹಾಡು ಹಾಕಿ, ಅಳುವವರನ್ನು ಚಂದ ಮಾಡಿ, ಜೋಡಿಸಿಕೊಡುತ್ತಿದ್ದಳು. ಅದಕ್ಕೆಂದು ಕಂಪ್ಯೂಟರ್ ಬೇಕಾದಾಗ, ಬಸ್ ಸ್ಟ್ಯಾಂಡಿನ ಎದುರು ರಿಪೇರಿ ಅಂಗಡಿ ಇಟ್ಟಿದ್ದ ಸುಮೇಧ ಮಿರಜಿನಿಂದ ಒಂದೊಂದೇ ಭಾಗ ತಂದು, ಅವರ ಪಡಸಾಲೆಯಲ್ಲೇ ಕೂತು ಜೋಡಿಸಿದ್ದ.

ಅದು ಖಂಡೇನವಮಿಯ ದಿನ. ಭಾಗ್ಯಾಳ ಅಪ್ಪ ಗಂಗಾರಾಮ ಉಣ್ಣೆಯ ಕತ್ತರಿ, ಕುಡಗೋಲು, ಬೈಕು ಎಲ್ಲವನ್ನೂ ಸಾಲಾಗಿ ಇಟ್ಟು ಪೂಜೆಗೆ ಕಾಯುತ್ತಿದ್ದ. ಅವ್ವ ದುಂಡವ್ವ ತೆಂಗಿನಕಾಯಿ ಹಿಡಿದು ತಲೆಯ ಮೇಲೇ ನಿಂತಿದ್ದಳು. "ಹನ್ನೊಂದೂವರಿ ಒಳಗ ಚಾಲೂ ಆಗಬೇಕ ನೋಡ ತಮ್ಮಾ. ಮುಂದ ಟೈಮ್ ಚಲೋ ಇಲ್ಲ." ಭಾಗ್ಯಾ ಎದುರಿಗೆ ಕೂತು ಅಂಗೈಯಲ್ಲಿ ಸ್ಕ್ರೂ ಹಿಡಿದಿದ್ದಳು. ಒಂದೊಂದು ಸ್ಕ್ರೂ ಎತ್ತಿಕೊಳ್ಳುವಾಗಲೂ ಸುಮೇಧನ ಬೆರಳ ತುದಿ ಆ ಅಂಗೈಗೆ ತಾಗುತ್ತಿತ್ತು. ಅವಳು ಕೈ ಅಲ್ಲಾಡಿಸಲಿಲ್ಲ, ಕಣ್ಣನ್ನೂ ಅಲ್ಲಾಡಿಸಲಿಲ್ಲ. ಒಂದು ಕಡೆ ಮುಹೂರ್ತದ ಅವಸರ, ಇನ್ನೊಂದು ಕಡೆ ಈ ಅಂಗೈ. ಪ್ರೊಸೆಸರಿನ ಬಿಸಿ ಎಳೆದುಕೊಳ್ಳುವ ಕೂಲರನ್ನು ಸುಮೇಧ ಅದರ ಮೇಲೆ ಹೇಗೆ ಕೂರಿಸಿದನೋ ಅವನಿಗೇ ನೆನಪಿಲ್ಲ. ಹನ್ನೊಂದು ಇಪ್ಪತ್ತೆಂಟಕ್ಕೆ ಸ್ಕ್ರೀನ್ ಬೆಳಗಿತು. ಗಂಗಾರಾಮ ಮನೆದೇವರು ಬೀರೋಬಾನನ್ನು ನೆನೆದು "ಚಾಂಗಭಲೋ!" ಎಂದು ಒಂದು ಮುಷ್ಟಿ ಭಂಡಾರದ ಅರಿಶಿನ ತೂರಿದ. ಎಲ್ಲರ ತಲೆಯ ಮೇಲೂ ಹಳದಿ ಬಿತ್ತು.

ತುಳಸಿ ಲಗ್ನ ಮುಗಿದು ಮದುವೆಗಳು ಶುರುವಾದವು, ಕಂಪ್ಯೂಟರ್ ಬಿಸಿಯಾಗತೊಡಗಿತು. ತೊಂಬತ್ತಾರು ಡಿಗ್ರಿ ಮುಟ್ಟಿದರೆ ತಾನೇ ಬಂದ್ ಬೀಳುತ್ತಿತ್ತು; ಸ್ಕ್ರೀನಿನಲ್ಲಿ ಕಂಡ ಆ ಬಿಸಿಯ ಅಂಕಿಯನ್ನೇ ಭಾಗ್ಯಾ ಕಳಿಸುತ್ತಿದ್ದಳು.

ಮೊದಲ ಸಲ ಬಂದಾಗ ಸುಮೇಧ ಕಂಪ್ಯೂಟರಿನ ಡಬ್ಬಿ ಬಿಚ್ಚಿ ನಕ್ಕುಬಿಟ್ಟ. ಫ್ಯಾನಿನ ಸಂದಿಯ ತುಂಬ ಭಂಡಾರ.

"ಭಾಗ್ಯಾ ಅವ್ರ, ಇದಕ್ಕ ಕಾಮಣಿ ಆಗೈತ್ರಿ, ಮೈಯೆಲ್ಲಾ ಹಳದಿ."

"ಅವ್ವ ಅಮಾಸಿಗೊಮ್ಮಿ ಉಗ್ಗತಾಳ್ರಿ. ಬ್ಯಾಡ ಅಂದ್ರ ಬೀರೋಬಾಗ ಸಿಟ್ಟ ಬರತೈತಿ ಅಂತಾಳ."

"ಬೀರೋಬಾಗ ಹೇಳ್ರಿ, ಆಶೀರ್ವಾದ ಹೊರಗ ಇರ್ಲಿ, ಫ್ಯಾನಿನ್ಯಾಗ ಬ್ಯಾಡ."

ಅವಳು ಸೆರಗಿನಂತೆ ಓಢಣಿಯನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಸುಮೇಧ ಬ್ರಷ್ ಹಿಡಿದು, ಹತ್ತು ನಿಮಿಷದ ಕೆಲಸವನ್ನು ಒಂದು ತಾಸು ಮಾಡಿದ.

ಆಮೇಲೆ ಚಹಾ ಬಂತು. ಸುಮೇಧನ ಮನೆಯ ಗೋಡೆಯ ಮೇಲೆ ಬುದ್ಧನೂ ಬಾಬಾಸಾಹೇಬರೂ ಇರುವುದು ಊರಿಗೆಲ್ಲ ಗೊತ್ತು, ದುಂಡವ್ವನಿಗೂ ಗೊತ್ತು. ಆಕೆ ಕೆಟ್ಟವಳಲ್ಲ. ಬಾಯಿ ತುಂಬ 'ತಮ್ಮಾ' ಎನ್ನುತ್ತಿದ್ದಳು, ಸಕ್ಕರೆ ಧಾರಾಳ ಹಾಕುತ್ತಿದ್ದಳು. ಆದರೆ ಮನೆಯವರಿಗೆ ಸ್ಟೀಲಿನ ಲೋಟ, ಸುಮೇಧನಿಗೆ ಕಾಗದದ ಕಪ್. ಇವನಿಗೆಂದೇ ಕಪಾಟಿನಲ್ಲಿ ಒಂದು ಪಾಕೀಟು ತಂದಿಟ್ಟಿದ್ದಳು. ಸುಮೇಧ ಅದರಲ್ಲೇ ಕುಡಿಯುತ್ತಿದ್ದ. ಏನಾದರೂ ಅಂದರೆ ಆ ಹೊಸ್ತಿಲೂ ಹೋಗುತ್ತದೆ. ಕಂಪ್ಯೂಟರ್ ಕೆಟ್ಟಾಗ ಮಾತ್ರ ತನಗೆ ಆ ಹೊಸ್ತಿಲು ಎಂಬುದು ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು.

ಎರಡನೇ ಸಲ '96' ಬಂದಾಗ, ಪ್ರೊಸೆಸರಿಗೂ ಕೂಲರಿಗೂ ನಡುವೆ ಸವರಿದ ಪೇಸ್ಟ್ ಒಣಗಿರಬೇಕೆಂದು ಕೂಲರನ್ನೇ ಕಳಚಿದ. ಭಾಗ್ಯಾ ಕಿಟಕಿಯ ಬಳಿ ಫೋನಿನಲ್ಲಿ ಜ್ಞಾನದೇವನ ಜೊತೆ ಮಾತಾಡುತ್ತಿದ್ದಳು. ಕೂಲರನ್ನು ತಿರುಗಿಸಿ ನೋಡಿದ ಸುಮೇಧನ ಕಿವಿ ಬಿಸಿಯಾಯಿತು. ತಳಕ್ಕೆ ಕಂಪನಿಯವರು ಅಂಟಿಸಿದ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಹಾಗೇ ಇತ್ತು. ಕೂರಿಸುವ ಮೊದಲು ಕೀಳಬೇಕಾದದ್ದು. ನಿನ್ನೆ ಮೊನ್ನೆ ಕಲಿತವನೂ ಮಾಡದ ತಪ್ಪನ್ನು ಅವನು ಆ ಅಂಗೈ ನೋಡುತ್ತಾ ಮಾಡಿದ್ದ. ಮಧ್ಯೆ ಪ್ಲಾಸ್ಟಿಕ್ ಇದ್ದರೆ ಬಿಸಿ ಕೂಲರಿಗೆ ಹತ್ತುವುದಾದರೂ ಹೇಗೆ?

ಕಿತ್ತರೆ ಮುಗಿಯಿತು. ಇಂದೇ ಅರವತ್ತಕ್ಕಿಳಿಯುತ್ತದೆ. ನಾಳೆಯಿಂದ ಅಂಕಿ ಬರುವುದಿಲ್ಲ.

ಭಾಗ್ಯಾ ಫೋನಿಟ್ಟು ತಿರುಗಿದಳು. "ಸಿಕ್ತೇನ್ರಿ ರೋಗ?"

"ಇನ್ನ ನೋಡಬೇಕ್ರಿ," ಎಂದ ಸುಮೇಧ. ಹಾಳೆಯ ಮೇಲೆಯೇ ಹೊಸ ಪೇಸ್ಟ್ ಸವರಿ ಕೂಲರನ್ನು ಮತ್ತೆ ಬಿಗಿದ. ಪ್ರೀತಿಸಿದವನ ಮೇಲೆ ಸಿಟ್ಟಾಗುವುದು ಕಷ್ಟ, ಆದರೆ ಇವನ ಕಪಾಳಕ್ಕೆ ಎರಡು ಬಿಗಿಯುವವರು ಆಗ ಅಲ್ಲಿ ಯಾರಾದರೂ ಇರಬೇಕಿತ್ತು.

ಮೂರನೇ ಸಲ ಡಬ್ಬಿಯ ಬಾಗಿಲು ತೆರೆದೇ ಇಡಿಸಿದ. ನಾಲ್ಕನೇ ಸಲ ಗೋಡೆಯಿಂದ ದೂರ ಸರಿಸಿ, ಟೇಬಲ್ ಫ್ಯಾನ್ ತಿರುಗಿಸಿಟ್ಟ.

"ನಮ್ಮ ಅಪ್ಪಗೂ ಇಷ್ಟು ಗಾಳಿ ಇಲ್ರಿ," ಎಂದಳು ಭಾಗ್ಯಾ.

"ನಿಮ್ಮಪ್ಪ ಇಷ್ಟು ಬಿಸಿ ಆಗಂಗಿಲ್ರಿ."

"ನೀವು ನೋಡಿಲ್ಲ." ನಕ್ಕವಳು ಒಮ್ಮೆಲೇ ದನಿ ಇಳಿಸಿದಳು. "ಈ ಸೀಜನ್ ನಂಗ ಭಾಳ ಮುಖ್ಯ ಐತ್ರಿ. ಶಿವರಾತ್ರಿ ತನಕ ಕೆಲಸ ನಿಲ್ಲಬಾರದು."

ಯಾಕೆಂದು ಅವನು ಕೇಳಬೇಕಿತ್ತು. ಆದರೆ ಆ ದಿನ ಅವನ ಕಣ್ಣು ಬೇರೆಯದನ್ನು ಕಂಡಿತ್ತು. ಚಹಾ ಬಂದಾಗ ಭಾಗ್ಯಾ ಒಳಗೆ ಹೋಗಿ ತನಗೂ ಒಂದು ಕಾಗದದ ಕಪ್ ತಂದುಕೊಂಡಳು.

"ನಿನಗ್ಯಾಕ ಬೇ ಅದು?" ಎಂದಳು ದುಂಡವ್ವ.

"ತೊಳಿಯೂದ ತಪ್ಪತೈತಿ," ಎಂದಳು ಭಾಗ್ಯಾ, ಸುಮೇಧನತ್ತ ನೋಡದೆ.

ಅವಳ ಕಿವಿಯ ತುದಿ ಕೆಂಪಾಗಿತ್ತು. ದಾರಿಯುದ್ದಕ್ಕೂ ಸುಮೇಧನಿಗೆ ಕಬ್ಬಿನ ಟ್ರ್ಯಾಕ್ಟರುಗಳ ಹಾರ್ನ್ ಕೂಡ ಕೇಳಿಸಲಿಲ್ಲ. ಮುಂದಿನ ಸಲ ಹಾಳೆ ಕಿತ್ತು, ಮನಸ್ಸಿನಲ್ಲಿರುವುದನ್ನೂ ಹೇಳಿಬಿಡುತ್ತೇನೆಂದು ನಿಶ್ಚಯಿಸಿದ. ಐದನೇ ಸಲ ಮನೆಯಲ್ಲಿ ನೆಂಟರಿದ್ದರು, ಹೇಳಲಾಗಲಿಲ್ಲ. ಹಾಳೆಯನ್ನೂ ಕೀಳಲಿಲ್ಲ. ಮಾತು ಉಳಿದರೆ ನೆಪವೂ ಉಳಿಯಬೇಕಲ್ಲ.

ಆಮೇಲೆ ಎಂಟು ದಿನ ಅಂಕಿಯೇ ಬರಲಿಲ್ಲ. ಒಂಬತ್ತನೇ ದಿನ ಬಂದದ್ದು ಒಂದೇ ಶಬ್ದ. 'ಬರ್ರಿ.'

ಪಡಸಾಲೆಯ ಮೂಲೆಯಲ್ಲಿ ಬಾಡಿದ ಹಾರ, ಎಲೆ ಅಡಿಕೆಯ ತಟ್ಟೆ ಬಿದ್ದಿತ್ತು. ಭಾಗ್ಯಾಳ ಹಣೆಯ ಕುಂಕುಮ ಎಂದಿಗಿಂತ ದೊಡ್ಡದಾಗಿತ್ತು.

"ನಿನ್ನಿ ಪಾಲಬಾವಿಯವರು ಬಂದಿದ್ರು. ಸಾಕರಪುಡಾ ಮಾಡಿ ಮದಿವಿ ಗಟ್ಟಿ ಮಾಡಿದ್ರು," ಎಂದಳು. "ಹುಡುಗನ ಹೆಸರು ಶಿವರಾಜ. ಚಲೋ ಅದಾನಂತ."

ಸುಮೇಧ ಬ್ಯಾಗನ್ನು ಕೆಳಗಿಡುವುದನ್ನೂ ಮರೆತ. "ಇಷ್ಟ ಲಗೂ?"

"ಲಗೂ ಎಲ್ಲೀದು? ಅಪ್ಪ ದೀಪಾವಳಿಗೇ ಕರಸಾಂವ ಇದ್ದ. ನಾ ಹಟ ಹಿಡದೆ. 'ಶಿವರಾತ್ರಿ ತನಕ ನಿಂದ್ರದಂಗ ಕೆಲಸ ಮಾಡಿ ತೋರಸು, ಎರಡು ವರ್ಷ ಮದಿವಿ ಮಾತ ತಗಿಯಂಗಿಲ್ಲ' ಅಂದಿದ್ದ. ಮೂರು ವಿಡಿಯೋ ತಡಾ ಆದೂವು. ಜ್ಞಾನದೇವಣ್ಣ ಬಂದು ಎಲ್ಲಾ ವಾಪಸ್ ಒಯ್ದ. 'ನಿನ್ನ ಮಶೀನ್ ನಂಬಾಕ ಆಗಂಗಿಲ್ಲ ತಂಗಿ' ಅಂದ. ಅಪ್ಪ ಅವತ್ತ ಪಾಲಬಾವಿಗೆ ಫೋನ್ ಹಚ್ಚಿದ."

"ಮತ್ತ ನನ್ಯಾಕ ಕರದ್ರಿ?"

"ಕಂಪ್ಯೂಟರ್ ನನ್ನ ಜೋಡಿ ಕಳಸ್ತಾರಂತ, ಬಾಂಡೆ ಸಾಮಾನದ ಕೂಡ. ಅಲ್ಲಿ ಕೆಟ್ರ ನಿಮ್ಮನ್ನ ಹೆಂಗ ಕರೀಲ್ರಿ?"

ಸುಮೇಧ ಕೂತು ಡಬ್ಬಿ ಬಿಚ್ಚಿದ. ನಾಲ್ಕು ಸ್ಕ್ರೂ. ಅಭ್ಯಾಸದಂತೆ ಭಾಗ್ಯಾ ಅಂಗೈ ಚಾಚಿದಳು, ಅವನು ಸ್ಕ್ರೂಗಳನ್ನು ನೆಲದ ಮೇಲಿಟ್ಟ. ಕೂಲರ್ ತಿರುಗಿಸಿ, ಹಾಳೆಯನ್ನು ಉಗುರಿನಿಂದ ಎಬ್ಬಿಸಿ ಕಿತ್ತು, ಆ ಖಾಲಿ ಅಂಗೈಯಲ್ಲಿಟ್ಟ.

"ಇದರಿಂದನ ಬಿಸಿ. ಖಂಡೇನವಮಿ ದಿನ ತಗಿಯಾಕ ಮರತಿದ್ದೆ."

"ಇವತ್ತ ಸಿಕ್ತೇನ್ರಿ?"

ಹೌದು ಎಂದಿದ್ದರೆ ಸಾಕಿತ್ತು. ಅವಳ ನೆನಪಿನಲ್ಲಾದರೂ ಒಳ್ಳೆಯವನಾಗಿ ಉಳಿಯುತ್ತಿದ್ದ.

"ಇಲ್ರಿ. ಎರಡನೇ ಸಲ ಬಂದಾಗ ನೋಡೀನಿ. ನೋಡಿ ಹಂಗ ಇಟ್ಟೆ. ಇದನ್ನ ಕಿತ್ತಿದ್ರ ನನ್ನ ಈ ಮನಿಗಿ ಯಾರು ಕರೀತಿದ್ರು?"

ಭಾಗ್ಯಾ ಹಾಳೆಯನ್ನೇ ನೋಡುತ್ತಿದ್ದಳು. ಕಣ್ಣಲ್ಲಿ ನೀರು ತುಂಬಿತು, ಆದರೆ ದನಿ ಸಿಟ್ಟಿನದು.

"ಒಂದು ಮಾತ ಹೇಳಿದ್ರ ಆಗತಿತ್ತಲ್ರಿ! ಮೌಸ್ ಕೆಡಸ್ತಿದ್ದೆ. ಕೀಬೋರ್ಡಿನ ಮ್ಯಾಲ ಚಹಾ ಚೆಲ್ತಿದ್ದೆ. ದಿನಕ್ಕೊಂದ ಕೆಡಸಿ ಕರಸ್ತಿದ್ದೆ. ನಂಗೇನ್ ನಿಮ್ಮನ್ನ ನೋಡೂದು ಬ್ಯಾಡಾಗಿತ್ತ? ಇದೊಂದನ್ನ ಬಿಡಬೇಕಿತ್ರಿ. ನಾ ಇಲ್ಲಿ ಉಳಿಯೂದು ಇದರ ಮ್ಯಾಲಿತ್ತು."

"ನಂಗ ಗೊತ್ತಿರಲಿಲ್ಲ ಭಾಗ್ಯಾ." ಮೊದಲ ಸಲ 'ಅವ್ರ' ಬಿಟ್ಟಿದ್ದ. ಇಬ್ಬರಿಗೂ ಅದು ತಿಳಿಯಿತು. "ಈಗ ಹೇಳೂಣು. ನಿಮ್ಮಪ್ಪನ ಮುಂದ ನಾ ನಿಂತು ಹೇಳ್ತೀನಿ."

ಅವಳು ತಲೆ ಅಲ್ಲಾಡಿಸಿದಳು. "ಮೂರು ತಿಂಗಳದಾಗ ಅವ್ವಗ ಒಂದು ಕಪ್ ಬದಲ ಮಾಡಾಕ ಆಗಲಿಲ್ಲ."

ಸುಮೇಧ ಹೊಸ ಪೇಸ್ಟ್ ಸವರಿ ಕೂಲರನ್ನು ಮತ್ತೆ ಬಿಗಿದ.

ಅಷ್ಟರಲ್ಲಿ ದುಂಡವ್ವ ಚಹಾ ತಂದಳು. ಸುಮೇಧನ ಮುಂದೆ ಕಾಗದದ ಕಪ್, ಮಗಳ ಮುಂದೆ ಸ್ಟೀಲಿನ ಲೋಟ. "ಮದಿವಿ ಆಗೂ ಹುಡುಗಿ, ಇನ್ನ ಲೋಟದಾಗ ಕುಡಿ," ಎಂದು ಸಂಭ್ರಮದಲ್ಲಿ ಹೇಳಿ ಒಳಗೆ ಹೋದಳು. ಅವ್ವನ ಬಳೆಯ ಸದ್ದು ಅಡುಗೆಮನೆ ಸೇರುವವರೆಗೆ ಭಾಗ್ಯಾ ಕಾದಳು. ಆಮೇಲೆ ಲೋಟವನ್ನು ಅವನತ್ತ ಸರಿಸಿ, ಕಾಗದದ ಕಪ್ಪನ್ನು ತಾನು ಎತ್ತಿಕೊಂಡಳು.

ಇಬ್ಬರೂ ನಿಧಾನವಾಗಿ ಕುಡಿದರು. ಅವನು ಕುಡಿದಿಟ್ಟ ಲೋಟವನ್ನು ಭಾಗ್ಯಾ ತಾನೇ ತೊಳೆದು ಮನೆಯವರ ಲೋಟಗಳ ಸಾಲಿನಲ್ಲಿ ಇಟ್ಟು ಬಂದಳು.

ಕಂಪ್ಯೂಟರ್ ಚಾಲೂ ಆಯಿತು. ನಲವತ್ತೊಂದು. ಹಳೆಯ ಮದುವೆಯೊಂದನ್ನು ಹಾಕಿ ಪೂರ್ತಿ ಕೆಲಸಕ್ಕೆ ಹಚ್ಚಿದರು. ಐವತ್ತೆಂಟು, ಅರವತ್ತೆರಡು, ಅರವತ್ಮೂರು. ಅಲ್ಲೇ ನಿಂತಿತು. ಸ್ಕ್ರೀನಿನಲ್ಲಿ ಯಾರದೋ ತಲೆಯ ಮೇಲೆ ಅಕ್ಷತೆ ಬೀಳುತ್ತಿತ್ತು.

"ಇನ್ನ ಬಂದ್ ಬೀಳಂಗಿಲ್ಲಲ್ರಿ?"

"ಇಲ್ಲ."

"ಹಂಗಾರ ಇನ್ನ ಬರೂದು ಬ್ಯಾಡ." ಹೇಳಿ ಮುಖ ತಿರುಗಿಸಿಕೊಂಡಳು. ಹಾಳೆಯನ್ನು ಅವಳು ವಾಪಸು ಕೊಡಲಿಲ್ಲ, ಅವನೂ ಕೇಳಲಿಲ್ಲ.

ಮಾಘದಲ್ಲಿ ಮದುವೆಯಾಯಿತು. ಬಸ್ ಸ್ಟ್ಯಾಂಡಿನ ಮುಂದೆ ಟೆಂಪೋ ಹಾದುಹೋದಾಗ ಕಪಾಟು, ಕೊಡಗಳ ನಡುವೆ ಚಾದರ ಸುತ್ತಿದ ಡಬ್ಬಿಯೊಂದು ಸುಮೇಧನಿಗೆ ಕಂಡಿತು. ಅಲುಗಾಡದಂತೆ ಕಟ್ಟಿದ್ದಾರೆಯೇ ಎಂದಷ್ಟೇ ನೋಡಿದ. ಚೆನ್ನಾಗಿಯೇ ಕಟ್ಟಿದ್ದರು.

ಯುಗಾದಿ ಕಳೆದ ಮೇಲೆ ಒಂದು ಮುಂಜಾನೆ, ಹೆಸರಿಲ್ಲದ ಹೊಸ ನಂಬರಿನಿಂದ ಮೆಸೇಜು ಬಂತು. '41.'

ಸುಮೇಧ ಎರಡು ಸಲ ಓದಿದ. ಕೈ ತಾನಾಗಿ ಬ್ಯಾಗಿನತ್ತ ಹೋಯಿತು, ಅರ್ಧದಲ್ಲೇ ನಿಂತಿತು. ನಲವತ್ತೊಂದಕ್ಕೆ ಯಾರೂ ರಿಪೇರಿಯವನನ್ನು ಕರೆಯುವುದಿಲ್ಲ.